12 ವರ್ಷದ ಮಗನನ್ನು ವಿಂಡ್‌ಸರ್ಫಿಂಗ್ ಕಲಿಯಲು ಕಳುಹಿಸಬಹುದೇ?

ಗೋವಾ ಪ್ರವಾಸದಲ್ಲಿ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ) ನೋಡಿದ 12 ವರ್ಷದ ಮಗ ತಾನೂ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ, ಈಜು ಬರುತ್ತದೆ, ಆದರೂ ನಿಮಗೆ ಸಮುದ್ರದ ಭಯ ಎಂದು ಬರೆದಿದ್ದೀರಿ. ಕಳುಹಿಸಿ. ನಾನು ಕಾರವಾರದ ಕಡೆಯವನು. ಗೋವಾದ ಜುವಾರಿ ನದಿಯ ಅಳಿವೆಯ ಬಳಿ ಹಲವು ವರ್ಷಗಳಿಂದ ಮಕ್ಕಳಿಗೆ ಇದನ್ನೇ ಕಲಿಸುತ್ತಿದ್ದೇನೆ. ಆದರೆ ಕಲಿಸುವವರು ಮೊದಲ ದಿನ ಏನು ಕಲಿಸುತ್ತಾರೆಂದು ಕೇಳಿಕೊಂಡು ಕಳುಹಿಸಿ. ಮುಂದೆ ಸಾಗುವುದನ್ನು ಹೇಳಿಕೊಡುವ ಮೊದಲು ಹಿಂತಿರುಗುವುದನ್ನು ಹೇಳಿಕೊಡಬೇಕು.

ಹೆತ್ತವರು ಅಲೆಗೆ ಹೆದರುತ್ತಾರೆ. ನನಗೆ ಭಯವಿರುವುದು ದಡದಿಂದ ಕಡಲ ಕಡೆಗೆ ಬೀಸುವ ಗಾಳಿಯದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲದ ಬೆಳಿಗ್ಗೆ ನೆಲ ತಣ್ಣಗಿರುತ್ತದೆ, ನೀರು ಬೆಚ್ಚಗಿರುತ್ತದೆ. ಆಗ ಗಾಳಿ ಪೂರ್ವದಿಂದ ಸಮುದ್ರದತ್ತ ಹೊರಡುತ್ತದೆ. ತೆಂಗಿನ ಮರಗಳೂ ಗುಡ್ಡವೂ ಅಡ್ಡ ಇರುವುದರಿಂದ ದಡದ ಹತ್ತಿರ ನೀರು ಅಲುಗುವುದೇ ಇಲ್ಲ. ಇನ್ನೂರು ಮೀಟರ್ ಆಚೆ ಹೋದರೆ ಆ ಮರೆ ತಪ್ಪುತ್ತದೆ. ಜೊತೆಗೆ ಅಳಿವೆಯಲ್ಲಿ ಇಳಿತದ ಹೊತ್ತಾಗಿದ್ದರೆ ಹೊಳೆಯ ನೀರೂ ಅದೇ ದಿಕ್ಕಿಗೆ ಎಳೆಯುತ್ತದೆ.

ಕಲಿಸಲು ಶುರುಮಾಡಿದ ಮೊದಲ ವರ್ಷ ನಾನೇ ಈ ತಪ್ಪು ಮಾಡಿದೆ. ಬೆಳಿಗ್ಗೆ ಎಂಟಕ್ಕೆ ನೀರು ಶಾಂತವಾಗಿದೆಯೆಂದು 14 ವರ್ಷದ ಹುಡುಗನೊಬ್ಬನನ್ನು ಇಳಿಸಿ, ಇನ್ನೊಬ್ಬನಿಗೆ ಹಾಯಿ ಕಟ್ಟಿಕೊಡುತ್ತಿದ್ದೆ. ತಲೆ ಎತ್ತಿ ನೋಡುವಷ್ಟರಲ್ಲಿ ಅವನು ಬೆರಳುಗುರಿನಷ್ಟು ಸಣ್ಣಗೆ ಕಾಣುತ್ತಿದ್ದ. ಅವನು ಉಳಿದದ್ದು ಒಂದೇ ಕಾರಣಕ್ಕೆ: ಹಲಗೆಯನ್ನು ಬಿಡಬೇಡ ಎಂದು ಹೇಳಿದ್ದನ್ನು ನೆನಪಿಟ್ಟುಕೊಂಡು, ಅದರ ಮೇಲೆ ಕುಳಿತು ಎರಡೂ ಕೈಗಳನ್ನು ಅಗಲಿಸಿ ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಿದ್ದ. ಬಲೆ ಎಳೆದು ಮರಳುತ್ತಿದ್ದ ಮೀನುಗಾರರು ಕಂಡು ದೋಣಿಗೆ ಹತ್ತಿಸಿಕೊಂಡರು. ಅಂದಿನಿಂದ ಬೆಳಗಿನ ನೆಲಗಾಳಿ ಇರುವಾಗ ನಾನು ಯಾವ ಮಗುವನ್ನೂ ನೀರಿಗೆ ಇಳಿಸಿಲ್ಲ.

ಚೆನ್ನಾಗಿ ಈಜುವ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ದಡ ಹತ್ತಿರವೇ ಇದೆಯಲ್ಲ, ಈಜಿಬಿಡೋಣ ಎಂದು ಅವರಿಗೆ ಅನಿಸುತ್ತದೆ. ನೀರಿನ ಮೇಲೆ ದೂರ ಕಣ್ಣಿಗೆ ಸಿಕ್ಕುವುದಿಲ್ಲ. ಹಲಗೆ ತೇಲುತ್ತದೆ, ದೂರದಿಂದ ಕಾಣುತ್ತದೆ. ಒಂಟಿ ತಲೆ ಕಾಣುವುದಿಲ್ಲ. ಗಾಳಿ ನಿಂತರೆ ಅಥವಾ ಜೋರಾದರೆ ಹಾಯಿಯ ಕಂಬವನ್ನು ಹಲಗೆಯ ಹಿಂಭಾಗದ ಮೇಲೆ ಮಲಗಿಸಿ, ತಾನೂ ಬೋರಲು ಮಲಗಿ ಕೈಯಿಂದ ನೀರು ತಳ್ಳುತ್ತಾ ಬರುವುದನ್ನು ನನ್ನಲ್ಲಿ ಮಕ್ಕಳು ಮೊದಲ ದಿನವೇ ಕಲಿಯುತ್ತಾರೆ.

ಅದಕ್ಕೂ ಮೊದಲು ಮರಳಿನ ಮೇಲೆ ಒಂದು ಗಂಟೆ ಅಭ್ಯಾಸವಿದೆ. ಅಲ್ಲಿಯೇ ಬೀಳುವುದನ್ನೂ ಕಲಿಸುತ್ತೇನೆ. ತಲೆ ಮುಂದಾಗಿ ಧುಮುಕಬಾರದು, ಅಡಿಯಲ್ಲಿ ಎಷ್ಟು ನೀರಿದೆಯೋ ತಿಳಿಯದು. ಮೈ ಚಪ್ಪಟೆಯಾಗಿ ಬೀಳಬೇಕು. ಮೇಲೆ ಬರುವಾಗ ಕಂಬ ತಲೆಗೆ ತಾಗದಂತೆ ಕೈ ಮುಂದಿರಬೇಕು. ಹಾಯಿಯ ಅಡಿಯಲ್ಲಿ ಸಿಕ್ಕಿಕೊಂಡರೆ ಒಂದು ಕೈಯಿಂದ ಬಟ್ಟೆಯನ್ನು ಮೇಲೆತ್ತಿದರೆ ಉಸಿರಿಗೆ ಜಾಗ ಸಿಗುತ್ತದೆ. ಆಮೇಲೆ ದಿಕ್ಕು ಬದಲಿಸದೆ ಒಂದೇ ಕಡೆಗೆ ಸರಿದು ಹೊರಬರಬೇಕು. ಮೊಣಕಾಲು ನೀರಿನಲ್ಲಿ ಇದನ್ನು ನಾಲ್ಕೈದು ಸಲ ಮಾಡಿಸಿದ ಮೇಲೆ ಮಕ್ಕಳ ಮುಖದಲ್ಲಿನ ಗಾಬರಿ ಇಳಿಯುವುದನ್ನು ನೋಡುವುದು ನನ್ನ ಕೆಲಸದ ಅತ್ಯಂತ ಸಂತೋಷದ ಗಳಿಗೆ.

ಉಪಕರಣದ ವಿಷಯದಲ್ಲಿ ದೊಡ್ಡ ಹಲಗೆ, ಚಿಕ್ಕ ಹಾಯಿ ಎಂಬುದನ್ನು ನೆನಪಿಡಿ. ಹಲಗೆ ಅಗಲವಾಗಿ, ಮೇಲ್ಮೈ ಮೆತ್ತಗಿರಲಿ. ನಿಮ್ಮ ಮಗನಿಗೆ ಎರಡರಿಂದ ಮೂರು ಚದರ ಮೀಟರ್ ಹಾಯಿ ಸಾಕು. ದೊಡ್ಡವರ ಹಾಯಿಯನ್ನು ಕೊಟ್ಟರೆ ನೀರಿನಿಂದ ಅದನ್ನು ಎತ್ತುವುದರಲ್ಲೇ ಅವನ ಸೊಂಟ ಸೋಲುತ್ತದೆ. ಹುಡುಗರ ಸ್ಪರ್ಧೆಗೆ ಟೆಕ್ನೋ 293 ಎಂಬ, 293 ಸೆಂ.ಮೀ. ಉದ್ದದ ಹಲಗೆಯಿದೆ, ಅದರ ಯೋಚನೆ ಈಗ ಬೇಡ. ಮೈಗೆ ಸರಿಯಾಗಿ ಕೂರುವ ತೇಲುವ ಜಾಕೆಟ್ ಬೇಕು: ಹೆಗಲ ಪಟ್ಟಿ ಹಿಡಿದು ಮೇಲಕ್ಕೆಳೆದರೆ ಅದು ಗಲ್ಲದವರೆಗೆ ಬರಬಾರದು. ಹೆಲ್ಮೆಟ್ ಬೇಕು. ಕಾಲಿಗೆ ಶೂ ಬೇಕೇ ಬೇಕು, ಅಳಿವೆಯ ಕಲ್ಲುಗಳಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ.

ಸೇರಿಸುವ ಮುನ್ನ ಅಲ್ಲಿ ಕೇಳಿ: ಒಬ್ಬರು ಏಕಕಾಲಕ್ಕೆ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ? (ಹೊಸಬರಾದರೆ ನಾನು ನಾಲ್ವರಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ.) ರಕ್ಷಣೆಯ ದೋಣಿ ನೀರಿನಲ್ಲೇ ಸಿದ್ಧವಿರುತ್ತದೆಯೇ? ಗಾಳಿ ಎಷ್ಟಾದರೆ ಪಾಠ ನಿಲ್ಲಿಸುತ್ತೀರಿ? ಹೊಸಬರಿಗೆ 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ದಾಟಬಾರದು. ಸಾಮಾನ್ಯವಾಗಿ ಮಧ್ಯಾಹ್ನ ಕಡಲಗಾಳಿ ಆಗತಾನೇ ಶುರುವಾಗುವ ಹೊತ್ತು ಕಲಿಕೆಗೆ ಒಳ್ಳೆಯದು. ಮೂರು ಗಂಟೆಯ ಮೇಲೆ ಅದೇ ಗಾಳಿ ಚಿಕ್ಕವರ ಕೈಗೆ ನಿಲುಕುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದಲ್ಲಿ, ಯಾರು ಕರೆದರೂ ಕಳುಹಿಸಬೇಡಿ.

ಮೊದಲ ದಿನ ನೀವೂ ಬನ್ನಿ. ದಡದಲ್ಲಿ ನೆರಳು ನೋಡಿ ಕುಳಿತು, ಕುಡಿಯುವ ನೀರು ಹತ್ತಿರ ಇಟ್ಟುಕೊಳ್ಳಿ. ಆದರೆ ಅವನು ಬಿದ್ದಾಗ ಅಲ್ಲಿಂದ ಕೂಗಬೇಡಿ. ಆ ಹೊತ್ತಿನಲ್ಲಿ ಅವನ ಕಿವಿಗೆ ಒಬ್ಬರ ದನಿ ಮಾತ್ರ ಬೀಳಬೇಕು.