ಓದುಗರ ಪ್ರಶ್ನೆ: ಶಾಸ್ತ್ರಿಯವರ ಮನೆ ಮತ್ತು ಮನಸ್ಸು

ಪ್ರಶ್ನೆ: ಲಾಲ್ ಬಹಾದೂರ್ ಶಾಸ್ತ್ರಿಯವರ ಸರಳತೆಯ ಬಗ್ಗೆ ಶಾಲೆಯ ದಿನಗಳಿಂದಲೂ ಕೇಳುತ್ತ ಬಂದಿದ್ದೇನೆ. ಮನೆಯೊಳಗೂ ಅವರು ಹಾಗೆಯೇ ಇದ್ದರೇ? ಅಷ್ಟು ಸೌಮ್ಯ ಸ್ವಭಾವದವರು 1965ರ ಯುದ್ಧದ ವೇಳೆ ಅಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ? ‘ಶಾಸ್ತ್ರಿ’ ಎಂಬುದು ಅವರ ಮನೆತನದ ಹೆಸರೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ, ಏಕೆಂದರೆ ಅವರ ಸ್ವಭಾವದ ಸುಳಿವು ಅಲ್ಲಿಯೇ ಇದೆ. ‘ಶಾಸ್ತ್ರಿ’ ಎಂಬುದು ಮನೆತನದ ಹೆಸರಲ್ಲ. 1925ರಲ್ಲಿ ಕಾಶಿ ವಿದ್ಯಾಪೀಠದಲ್ಲಿ ಪಡೆದ ಪದವಿ. ಹುಟ್ಟಿನಿಂದ ಬಂದಿದ್ದ ‘ಶ್ರೀವಾಸ್ತವ’ ಎಂಬ ಹೆಸರು ಜಾತಿಯನ್ನು ಸೂಚಿಸುತ್ತದೆಂದು ಅವರು ಅದನ್ನು ಎಳೆಯ ವಯಸ್ಸಿನಲ್ಲೇ ಕೈಬಿಟ್ಟಿದ್ದರು.

1904ರ ಅಕ್ಟೋಬರ್ 2ರಂದು ಮೊಘಲ್‌ಸರಾಯ್‌ನಲ್ಲಿ ಹುಟ್ಟಿದ ಅವರು ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡು, ತಾಯಿ ರಾಮದುಲಾರಿ ದೇವಿಯವರೊಡನೆ ಅಜ್ಜನ ಮನೆಯ ಆಸರೆಯಲ್ಲಿ ಬೆಳೆದರು. ಕೈಬಿಗಿಹಿಡಿದು ಬದುಕುವುದು ಅವರಿಗೆ ಮುಂದೆ ರೂಢಿಸಿಕೊಂಡ ವ್ರತವಲ್ಲ, ಬಾಲ್ಯದಿಂದಲೇ ಬಂದದ್ದು. 1928ರಲ್ಲಿ ಲಲಿತಾ ದೇವಿಯವರನ್ನು ಮದುವೆಯಾದಾಗ ಮಾವನ ಮನೆಯಿಂದ ಒಂದು ಚರಕವನ್ನೂ ಕೆಲವು ಗಜ ಖಾದಿಯನ್ನೂ ಬಿಟ್ಟು ಬೇರೇನನ್ನೂ ಸ್ವೀಕರಿಸಲಿಲ್ಲ.

ಅವರನ್ನು ‘ಸರಳ ವ್ಯಕ್ತಿ’ ಎಂದಷ್ಟೇ ಕರೆದು ಸುಮ್ಮನಾಗುವುದು ಅನ್ಯಾಯವೆಂದು ನನಗೆ ತೋರುತ್ತದೆ. ತನಗೆ ಅನ್ವಯಿಸದ ನಿಯಮವನ್ನು ಇನ್ನೊಬ್ಬರಿಗೆ ಹೇಳಬಾರದು ಎಂಬ ಹಟ ಅವರಲ್ಲಿತ್ತು; ನೀವು ಕೇಳಿದ ಗಟ್ಟಿತನದ ಬೇರು ಇರುವುದೂ ಅದರಲ್ಲಿಯೇ. 1956ರ ಸೆಪ್ಟೆಂಬರ್‌ನಲ್ಲಿ ಮೆಹಬೂಬ್‌ನಗರದ ಬಳಿ ರೈಲು ಅಪಘಾತವಾದಾಗ ರೈಲ್ವೆ ಸಚಿವರಾಗಿದ್ದ ಅವರು ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಅರಿಯಲೂರಿನ ಅಪಘಾತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಾಗ ಮತ್ತೆ ರಾಜೀನಾಮೆ ಸಲ್ಲಿಸಿ, ಅದು ಅಂಗೀಕಾರವಾಗುವಂತೆ ನೋಡಿಕೊಂಡರು. 1965ರಲ್ಲಿ ಆಹಾರದ ಕೊರತೆ ಬಿಗಡಾಯಿಸಿದಾಗ ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳುವ ಮೊದಲು, ಆ ಉಪವಾಸವನ್ನು ತಮ್ಮ ಮನೆಯಲ್ಲೇ ಮಾಡಿ ನೋಡಿದರೆಂದು ಮನೆಯವರು ನೆನೆದಿದ್ದಾರೆ. ಅದೇ ವರ್ಷ ಪಾಕಿಸ್ತಾನದ ಸೇನೆ ಜಮ್ಮುವಿನ ಛಾಂಬ್ ಪ್ರದೇಶದಲ್ಲಿ ಮುನ್ನುಗ್ಗಿದಾಗ, ಪಂಜಾಬ್ ಗಡಿಯನ್ನು ದಾಟಿ ಲಾಹೋರ್ ಕಡೆಗೆ ನಡೆಯಲು ನಮ್ಮ ಸೇನೆಗೆ ಒಪ್ಪಿಗೆ ಕೊಟ್ಟವರೂ ಇದೇ ಮೆಲುದನಿಯ ಮನುಷ್ಯರು. ದನಿ ಏರಿಸದಿರುವುದನ್ನು ದೌರ್ಬಲ್ಯವೆಂದು ಎಣಿಸಿದವರು ಅವರನ್ನು ಸರಿಯಾಗಿ ಅಳೆಯಲಿಲ್ಲ.

ಈ ಹಟದ ಭಾರವನ್ನು ಹೊತ್ತವರು ಅವರೊಬ್ಬರೇ ಅಲ್ಲ ಎಂಬುದನ್ನೂ ಹೇಳಬೇಕು. ಅವರು ಒಟ್ಟು ಏಳು ವರ್ಷಗಳಷ್ಟು ಕಾಲ ಸೆರೆಮನೆಯಲ್ಲಿದ್ದಾಗ ಸಂಸಾರವನ್ನು ತೂಗಿಸಿದವರು ಲಲಿತಾ ದೇವಿ. ಪ್ರಧಾನಿಯಾದ ಮೇಲೆ ಮಕ್ಕಳ ಒತ್ತಾಯಕ್ಕೆ ಮಣಿದು ಸುಮಾರು 12,000 ರೂಪಾಯಿಯ ಫಿಯೆಟ್ ಕಾರು ಕೊಳ್ಳಲು ಹೊರಟಾಗ ಕೈಯಲ್ಲಿ ಅಷ್ಟು ಹಣವಿರಲಿಲ್ಲ. 5,000 ರೂಪಾಯಿಯನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ಪಡೆದರು. ಆ ಸಾಲ ತೀರುವ ಮೊದಲೇ, 1966ರ ಜನವರಿ 11ರ ನಸುಕಿಗೆ ಮುಂಚೆ, ತಾಷ್ಕೆಂಟಿನಲ್ಲಿ ಅವರು ತೀರಿಕೊಂಡರು. ಉಳಿದ ಕಂತುಗಳನ್ನು ಲಲಿತಾ ದೇವಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದ ಕಟ್ಟಿದರು.