ಪ್ರಾರ್ಥನೆಯಲ್ಲಿ ಆರಾಧನೆ ಮೊದಲೋ, ಪಶ್ಚಾತ್ತಾಪ ಮೊದಲೋ?

ದಿನವೂ ಪ್ರಾರ್ಥಿಸಿದರೂ ಮಾತುಗಳು ಬಾಯಿಪಾಠದಂತೆ ಬರಿದಾಗಿ ಕೇಳಿಸುತ್ತವೆ, ಆರಾಧನೆಯಿಂದ ತೊಡಗಬೇಕೋ ಪಾಪದ ಅರಿಕೆಯಿಂದಲೋ ಎಂದು ತಾವು ಕೇಳಿದ್ದೀರಿ. ಆರಾಧನೆಯಿಂದಲೇ ಎಂಬುದು ನನ್ನ ಉತ್ತರ. ಅದು ಮನಃಪೂರ್ವಕವಾಗಿದ್ದರೆ ಪಶ್ಚಾತ್ತಾಪವನ್ನು ಬೇರೆಯಾಗಿ ಹುಡುಕಿಕೊಂಡು ಹೋಗಬೇಕಾಗಿ ಬರುವುದಿಲ್ಲ.

ಬೈಬಲಿನಲ್ಲಿ ಪ್ರವಾದಿ ಯೆಶಾಯನ ಗ್ರಂಥದ 6ನೆಯ ಅಧ್ಯಾಯವನ್ನು ನೋಡಿ. ಅರಸನಾದ ಉಜ್ಜೀಯನು ತೀರಿಕೊಂಡ ವರ್ಷದಲ್ಲಿ ಪ್ರವಾದಿಗೆ ಕರ್ತನ ದರ್ಶನವಾಗುತ್ತದೆ. ದೇವರ ಸನ್ನಿಧಿಯಲ್ಲಿರುವ ದೂತರಾದ ಸೆರಾಫಿಯರು ‘ಪರಿಶುದ್ಧನು’ ಎಂದು ಮೂರು ಸಲ ಕೂಗುವುದನ್ನು ಕೇಳಿದ ಮೇಲೆಯೇ ತನ್ನ ತುಟಿಗಳು ಹೊಲಸೆಂಬುದು ಅವನಿಗೆ ಹೊಳೆಯುತ್ತದೆ. ದೇವರ ಪರಿಶುದ್ಧತೆಯನ್ನು ನೆನೆಯದೆ ತನ್ನನ್ನು ತಾನೇ ಕೆದಕುತ್ತ ಕುಳಿತವನಿಗೆ ಸಿಗುವುದು ತನ್ನ ಮೇಲಿನ ಜುಗುಪ್ಸೆಯಷ್ಟೇ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ತಂದೆಯ ನಾಮದ ಪರಿಶುದ್ಧತೆ ಮೊದಲು ಬರುತ್ತದೆ, ಆ ದಿನದ ಆಹಾರವೂ ತಪ್ಪುಗಳ ಕ್ಷಮೆಯೂ ಆಮೇಲೆ.

ಹಾಗೆಂದು ಸ್ತೋತ್ರದ ಮಾತು ಮೊದಲಿಗೆ ಬಂದುಬಿಟ್ಟರೆ ಸಾಲದು. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ದೇವಾಲಯಕ್ಕೆ ಹೋದ ಫರಿಸಾಯನೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಥದವನು) ಸ್ತೋತ್ರದಿಂದಲೇ ಆರಂಭಿಸುತ್ತಾನೆ. ವಾರಕ್ಕೆ ಎರಡು ದಿನ ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಎಂದು ಅವನು ಹೇಳಿಕೊಂಡದ್ದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಅವನ ಗಮನವೆಲ್ಲ ಹಿಂದೆ ನಿಂತ ಸುಂಕದವನ, ಅಂದರೆ ಜನರು ಪಾಪಿಯೆಂದು ತಿರಸ್ಕರಿಸುತ್ತಿದ್ದ ತೆರಿಗೆ ವಸೂಲಿಗಾರನ ಮೇಲಿದೆ. ಸುಂಕದವನಾದರೋ ತಲೆಯನ್ನೂ ಎತ್ತದೆ, ಎದೆ ಬಡಿದುಕೊಂಡು, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಬೇಡುತ್ತಾನೆ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ. (ನಾನು ಪ್ರಾಟೆಸ್ಟೆಂಟ್ ಸಭೆಯಲ್ಲಿ ಬೆಳೆದವನು, ಆದರೂ ಕಥೋಲಿಕರು ಪೂಜೆಯ ಆರಂಭದಲ್ಲಿ ಪಾಪವನ್ನು ಒಪ್ಪಿಕೊಳ್ಳುತ್ತ ಎದೆ ತಟ್ಟಿಕೊಳ್ಳುವುದನ್ನು ಕಂಡಾಗಲೆಲ್ಲ ಈ ಸುಂಕದವನು ನೆನಪಾಗುತ್ತಾನೆ.)

ಪಶ್ಚಾತ್ತಾಪ ಎಂಬ ನಮ್ಮ ಪದಕ್ಕೆ ಮಾಡಿದ ಮೇಲೆ ಒಳಗೆ ಬೇಯುವುದು ಎಂಬ ಅರ್ಥವಿದೆ. ಬೈಬಲಿನ ಮೂಲಪದಗಳು ಅಲ್ಲಿಗೇ ನಿಲ್ಲುವುದಿಲ್ಲ: ಗ್ರೀಕಿನ ‘ಮೆಟನೋಯ’ ಎಂದರೆ ಮನಸ್ಸು ಬದಲಾಗುವುದು, ಹೀಬ್ರೂವಿನ ‘ಶೂವ್’ ಎಂದರೆ ಹೊರಟ ದಾರಿಯಿಂದ ತಿರುಗಿ ಬರುವುದು. ಯೇಸುವನ್ನು ಮನೆಗೆ ಬರಮಾಡಿಕೊಂಡ ಶ್ರೀಮಂತ ಸುಂಕದವನಾದ ಜಕ್ಕಾಯನು ಅತ್ತನೆಂದು ಲೂಕನು ಎಲ್ಲೂ ಬರೆದಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ಕಸಿದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನೆಂದು ಬರೆದಿದ್ದಾನೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗು ಎಂದು ಯೇಸು ಹೇಳಿದ್ದೂ ಇದೇ ಕಾರಣಕ್ಕೆ. ಈ ವಚನದ ಬಿಸಿ ನನಗೂ ತಟ್ಟಿದೆ. ಜಮೀನಿನ ಬದುವಿನ ವಿಷಯದಲ್ಲಿ ಅಣ್ಣನೊಡನೆ ಮಾತು ಬಿಟ್ಟಿದ್ದ ಎರಡು ವರ್ಷ ನಾನು ಒಂದು ದಿನವೂ ಪ್ರಾರ್ಥನೆ ತಪ್ಪಿಸಲಿಲ್ಲ, ಕ್ಷಮಿಸು ಎಂಬ ಸಾಲನ್ನು ಮಾತ್ರ ಬೇಗನೆ ದಾಟಿಬಿಡುತ್ತಿದ್ದೆ. ಕೊನೆಗೆ ಅವನ ಮನೆಗೆ ಹೋಗಿ ತಪ್ಪು ನನ್ನದೂ ಇದೆ ಎಂದ ಮೇಲೆಯೇ ಆ ಸಾಲು ನಾಲಿಗೆಯ ಮೇಲೆ ನಿಂತಿತು.

ಒಂದು ಎಚ್ಚರಿಕೆಯ ಮಾತು. ಪ್ರಾರ್ಥನೆ ಬರಿದಾಗಿ ತೋರಿದಾಗಲೆಲ್ಲ ಒಳಗೆ ಯಾವುದೋ ಪಾಪ ಅಡಗಿದೆಯೆಂದು ತೀರ್ಮಾನಿಸಬೇಡಿ. ನೀತಿವಂತನಾದ ಯೋಬನಿಗೆ ಕಷ್ಟ ಬಂದಾಗ ಅವನ ಪಾಪವೇ ಕಾರಣವೆಂದ ಗೆಳೆಯರು ಮಾಡಿದ ತಪ್ಪು ಅದೇ. 88ನೆಯ ಕೀರ್ತನೆ ಹಗಲಿರುಳು ಮೊರೆಯಿಟ್ಟವನದು, ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅರಿಕೆ ಮಾಡಲು ಏನೂ ಹೊಳೆಯದ ದಿನ ಅದನ್ನೇ ನಿಧಾನವಾಗಿ ಓದಿ ಎದ್ದುಬಿಡಿ.