ಓದುಗರ ಪ್ರಶ್ನೆ: ಕವಿಯ ಪಕ್ಷ, ಕವಿತೆಯ ಬೆಲೆ

ಪ್ರಶ್ನೆ: ಕಾಲೇಜಿನ ದಿನಗಳಿಂದ ಗೋಪಾಲಕೃಷ್ಣ ಅಡಿಗರ ಕವಿತೆಗಳನ್ನು ಓದುತ್ತ ಬಂದಿದ್ದೇನೆ. 1971ರ ಲೋಕಸಭಾ ಚುನಾವಣೆಯಲ್ಲಿ ಅವರು ಇಂದಿನ ಬಿಜೆಪಿಯ ಪೂರ್ವರೂಪವಾದ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ಸ್ಪರ್ಧಿಸಿದ್ದರೆಂಬುದು ಈಚೆಗೆ ತಿಳಿಯಿತು. ನನ್ನ ರಾಜಕೀಯ ನಿಲುವು ಅದಕ್ಕೆ ತೀರ ವಿರುದ್ಧವಾದದ್ದು. ಅಂದಿನಿಂದ ಅವರ ಪುಸ್ತಕ ಕೈಗೆತ್ತಿಕೊಂಡರೆ ಮನಸ್ಸು ಹಿಂಜರಿಯುತ್ತದೆ. ಈ ಹಿಂಜರಿಕೆ ಸರಿಯೇ?
– ಓದುಗರೊಬ್ಬರು, ಸಾಗರ

ಉತ್ತರ: ನೀವು ಸಾಗರದವರಾದ್ದರಿಂದ ಉತ್ತರದ ಅರ್ಧ ಭಾಗ ನಿಮ್ಮ ಊರಿನಲ್ಲೇ ಇದೆ. 1960ರ ದಶಕದಲ್ಲಿ ಅಡಿಗರು ಅಲ್ಲಿಯ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅದೇ ಸೀಮೆಯ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಹಕ್ಕಿಗಾಗಿ ನಡೆದ 1951ರ ಕಾಗೋಡು ಸತ್ಯಾಗ್ರಹದ ಮುಂದಾಳುಗಳಲ್ಲಿ ಒಬ್ಬರು, ಲೋಹಿಯಾ ಅವರ ಹಾದಿಯಲ್ಲಿ ನಡೆದ ಸಮಾಜವಾದಿ, ಜೊತೆಗೆ ಅಡಿಗರ ಕಾವ್ಯವನ್ನು ಬಹುವಾಗಿ ಮೆಚ್ಚಿದ್ದವರು. ಆ ಗೌಡರನ್ನು ಕುರಿತು ಅಡಿಗರು ಬರೆದ ಕವಿತೆಗೆ ‘ಶಾಂತವೇರಿಯ ಅಶಾಂತ ಸಂತ’ ಎಂದು ಹೆಸರು. ಒಬ್ಬರು ಜನಸಂಘದ ಬೆಂಬಲ ಪಡೆದು ಚುನಾವಣೆಗೆ ನಿಂತವರು, ಇನ್ನೊಬ್ಬರು ಗೇಣಿದಾರರ ಪರವಾಗಿ ಜೈಲಿಗೆ ಹೋದವರು. ಆದರೂ ಸಮಾಜವಾದಿಯೊಬ್ಬರ ಬಗ್ಗೆ ಕನ್ನಡದಲ್ಲಿ ಬಂದ ಬಹಳ ಒಳ್ಳೆಯ ಕವಿತೆಗಳಲ್ಲಿ ಒಂದನ್ನು ಬರೆದವರು ಸಮಾಜವಾದಿಯಲ್ಲ. ಅಡಿಗರು ನಡೆಸಿದ ‘ಸಾಕ್ಷಿ’ ಪತ್ರಿಕೆಯ ಸುತ್ತ ಬೆಳೆದವರಲ್ಲಿ ಅನಂತಮೂರ್ತಿ, ಲಂಕೇಶರಂತಹ ಲೋಹಿಯಾವಾದಿಗಳೇ ಹೆಚ್ಚು ಎದ್ದು ಕಾಣುತ್ತಾರೆ. ಇವರಲ್ಲಿ ಯಾರೂ ತಮ್ಮ ಭಿನ್ನಮತವನ್ನು ಮುಚ್ಚಿಡಲಿಲ್ಲ, ಅಡಿಗರನ್ನು ಓದುವುದನ್ನೂ ಬಿಡಲಿಲ್ಲ.

ಹಾಗೆಂದು ಕವಿಯ ರಾಜಕೀಯವನ್ನು ಪಕ್ಕಕ್ಕಿಟ್ಟು ಕವಿತೆಯನ್ನು ಮಾತ್ರ ಓದಿ ಎಂಬ ಸುಲಭದ ಉಪದೇಶವನ್ನು ನಾನು ಕೊಡಲಾರೆ. ನಿಲುವು ಕವಿತೆಯೊಳಕ್ಕೆ ಬಂದೇ ಬರುತ್ತದೆ, ಅಡಿಗರಲ್ಲಿಯಂತೂ ಧಾರಾಳವಾಗಿ ಬಂದಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹೊಸ ನಾಡನ್ನು ಕಟ್ಟುವೆವೆಂದು ಹಾಡಿದ ಕವಿ ಹತ್ತು ಹದಿನೈದು ವರ್ಷಗಳಲ್ಲೇ ‘ನೆಹರೂ ನಿವೃತ್ತರಾಗುವುದಿಲ್ಲ’ ಎಂದು ಕಟಕಿಯಾಡುವಷ್ಟು ಬೇಸತ್ತಿದ್ದರು. ‘ಭೂತ’ ಕವಿತೆಯಲ್ಲಿ ಅವರು ಪಿತೃಗಳ ನೆಲವನ್ನು ಅಗೆದು, ಸಿಕ್ಕ ಅದಿರನ್ನು ಕರಗಿಸಿ, ಅದರಿಂದ ಇಷ್ಟದೇವತೆಯ ವಿಗ್ರಹವನ್ನು ಎರೆಯುವ ಮಾತನಾಡುತ್ತಾರೆ. ಯಾರ ಪಿತೃಗಳು, ಅಗೆಯುವ ನೆಲ ಯಾರದು, ಆ ನೆಲದಲ್ಲಿ ಗುದ್ದಲಿ ಹಿಡಿಯುವ ಹಕ್ಕೇ ಇಲ್ಲದಿದ್ದವರಿಗೆ ಈ ಅದಿರಿನಲ್ಲಿ ಪಾಲುಂಟೇ ಎಂದು ನೀವು ಕೇಳಬಹುದು, ಕೇಳಲೇಬೇಕು. ಆದರೆ ಆ ಪ್ರಶ್ನೆಯನ್ನು ಇಷ್ಟು ಮೊನಚಾಗಿ ಕೇಳಲು ಸಾಧ್ಯವಾಗುವುದು ಕವಿತೆ ಅಷ್ಟು ಗಟ್ಟಿಯಾಗಿರುವುದರಿಂದಲೇ. 1971ರಲ್ಲಿ ನೀವು ಬೆಂಗಳೂರಿನ ಮತದಾರರಾಗಿದ್ದರೆ ಅಡಿಗರ ವಿರುದ್ಧ ಮತ ಹಾಕುವ ಪೂರ್ಣ ಸ್ವಾತಂತ್ರ್ಯ ನಿಮಗಿತ್ತು. ನಾನಾದರೂ ಹಾಗೆಯೇ ಮಾಡುತ್ತಿದ್ದೆನೇನೋ. ಅವರು ಸೋತರು, ಆ ಲೆಕ್ಕ ಅಲ್ಲಿಗೆ ಮುಗಿಯಿತು. ಕವಿತೆಯೊಂದಿಗಿನ ನಿಮ್ಮ ಜಗಳ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಹಿಂಜರಿಕೆಯನ್ನು ಇಟ್ಟುಕೊಂಡೇ ಪುಸ್ತಕವನ್ನು ತೆರೆಯಿರಿ.

ಪ್ರಶ್ನೆ: ರಾಜಕಾರಣಿಗಳಿಗೆ ಸಾಹಿತ್ಯದ ಬೆಲೆ ಕಟ್ಟುವ ಅಧಿಕಾರವಿದೆಯೇ? ‘ಬೂಸಾ’ ಪ್ರಕರಣವನ್ನು ನೆನೆದು ಕೇಳುತ್ತಿದ್ದೇನೆ.
– ಓದುಗರೊಬ್ಬರು, ಕೋಲಾರ

ಉತ್ತರ: ಓದಬಲ್ಲ ಯಾರಿಗೂ ಆ ಅಧಿಕಾರವಿದೆ. ಪ್ರಕರಣವನ್ನು ಅರಿಯದ ಕಿರಿಯ ಓದುಗರಿಗಾಗಿ ಎರಡು ಮಾತು. 1973ರ ನವೆಂಬರ್‌ನಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ರಾಜ್ಯದಾದ್ಯಂತ ಪ್ರತಿಭಟನೆ ನಡೆಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಸಚಿವರು ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ ಇವರೇ ಎಂಬುದನ್ನು ಆ ಗದ್ದಲದಲ್ಲಿ ಎಷ್ಟು ಮಂದಿ ನೆನೆದರೋ!

ಅಸ್ಪೃಶ್ಯರೆನಿಸಿಕೊಂಡ ಜಾತಿಗಳಿಂದ ಬಂದ ಶರಣರಾದ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ವಚನಗಳಿರುವ ಭಾಷೆಯ ಬಗ್ಗೆ ಅಷ್ಟು ಸಾರಾಸಗಟಾದ ಮಾತು ನಿಲ್ಲಲಾರದು, ನಿಜ. ಆದರೆ ಅವರ ಮಾತನ್ನು ತೀರ್ಪೆಂದು ತಿಳಿಯದೆ, ತನ್ನ ಜನರ ಬದುಕನ್ನು ಪುಸ್ತಕಗಳಲ್ಲಿ ಹುಡುಕಿ ಕಾಣದೆ ಬಂದ ಓದುಗನೊಬ್ಬನ ದೂರೆಂದು ತಿಳಿದಿದ್ದರೆ, ನಮ್ಮ ಭಾಷಾಭಿಮಾನಿಗಳು ಕಲ್ಲೆಸೆಯುವ ಬದಲು ಕಪಾಟಿನ ಕಡೆ ನೋಡುತ್ತಿದ್ದರು. ದಲಿತ ಜೀತಗಾರನೊಬ್ಬನ ಕಥೆ ಹೇಳುವ ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾಗಿ ಆಗಲೇ 40 ವರ್ಷಗಳಾಗಿದ್ದವು. ಅದು ಚೋಮನನ್ನು ಕುರಿತು ಬೇರೊಬ್ಬರು ಬರೆದ ಕಾದಂಬರಿಯೇ ಹೊರತು ಚೋಮನ ಮಗ ಬರೆದದ್ದಲ್ಲ. ದೂರಿಗೆ ತಕ್ಕ ಉತ್ತರ ಬಂದದ್ದು ಮೆರವಣಿಗೆಗಳಿಂದಲ್ಲ. ಆ ಪ್ರಕರಣದ ಬಿಸಿಯಲ್ಲೇ ದಲಿತ ವಿದ್ಯಾರ್ಥಿಗಳು ಸಂಘಟಿತರಾದರು, ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು, ದೇವನೂರ ಮಹಾದೇವರ ಗದ್ಯ ಬೆಳೆಯಿತು, 1979ರ ಹೊತ್ತಿಗೆ ಬಂಡಾಯ ಸಾಹಿತ್ಯ ಸಂಘಟನೆಯೂ ಹುಟ್ಟಿತು. ಬಸವಲಿಂಗಪ್ಪನವರು ಖುರ್ಚಿ ಕಳೆದುಕೊಂಡರೂ ಕನ್ನಡಕ್ಕೆ ಅವರ ಆ ಮಾತಿನಿಂದ ಲಾಭವೇ ಆಯಿತೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಸಾಹಿತಿಗಳು ಚುನಾವಣೆಗೆ ನಿಲ್ಲುವುದು ಒಳ್ಳೆಯದೇ?
– ಓದುಗರೊಬ್ಬರು, ಕಾರವಾರ

ಉತ್ತರ: ನಿಲ್ಲಲಿ. ನಿಮ್ಮ ಕ್ಷೇತ್ರದಲ್ಲಿಯೇ 1989ರಲ್ಲಿ ಶಿವರಾಮ ಕಾರಂತರು, 87ರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಸ್ಪರ್ಧಿಸಿ ಸೋತರು. ಕೈಗಾದಲ್ಲಿ ಆಮೇಲೆ ನಾಲ್ಕು ಘಟಕಗಳು ತಲೆಯೆತ್ತಿದವು. ಕಾದಂಬರಿ ಬರೆದವರೆಂಬ ಕಾರಣಕ್ಕೆ ಮತದಾರರು ಅವರನ್ನು ಗೆಲ್ಲಿಸಬೇಕಿತ್ತೆಂದು ನಾನು ಹೇಳಲಾರೆ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದ ವ್ಯಕ್ತಿಗೆ ಸೋಲಿನ ಭಯವೂ ಅಷ್ಟಾಗಿ ಇದ್ದಿರಲಾರದು.

ಪ್ರಶ್ನೆ: ನನ್ನ ಅಕ್ಕನ ಮಗ ಒಂದು ಪಕ್ಷದ ಪ್ರಚಾರ ವಿಭಾಗದಲ್ಲಿದ್ದಾನೆ. ಘೋಷಣೆ, ಹಾಡು, ಲಾವಣಿ ಎಲ್ಲವನ್ನೂ ಈಗ ಕೃತಕ ಬುದ್ಧಿಮತ್ತೆಯಿಂದ ನಿಮಿಷದಲ್ಲಿ ಬರೆಸುತ್ತಾನೆ, ಪ್ರಾಸವೂ ತಪ್ಪುವುದಿಲ್ಲ. ‘ಮಾಮಾ, ಇನ್ನು ನಿಮ್ಮ ಕವಿಗಳಿಗೆ ಏನು ಕೆಲಸ?’ ಎಂದು ಕೇಳುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ.
– ಓದುಗರೊಬ್ಬರು, ಧಾರವಾಡ

ಉತ್ತರ: ಅಳಿಯನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳಿ. ಪಕ್ಷಗಳ ಹಾಡುಗಳಲ್ಲಿ ಬಹುಪಾಲು ಯಂತ್ರ ಬರುವುದಕ್ಕೆ ಮುಂಚೆಯೂ ಯಂತ್ರ ಬರೆದಂತೆಯೇ ಇದ್ದವು: ಅಭ್ಯರ್ಥಿಯ ಹೆಸರು ಬದಲಿಸಿದರೆ ಪಕ್ಕದ ತಾಲ್ಲೂಕಿಗೂ, ಚಿಹ್ನೆ ಬದಲಿಸಿದರೆ ಎದುರು ಪಕ್ಷಕ್ಕೂ ಸಲ್ಲುವಂಥವು. ಅಂಥ ಕೆಲಸ ಕವಿಗಳ ಕೈತಪ್ಪಿದರೆ ನನಗೇನೂ ಸಂಕಟವಿಲ್ಲ. ಆ ಬರವಣಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದವರ ಕೂಲಿ ಹೋಗುವುದು ಮಾತ್ರ ನಿಜವಾದ ನಷ್ಟ. ಅವರೆಲ್ಲ ಬರೆದದ್ದನ್ನು ಓದಿಯೇ ಈ ಯಂತ್ರ ಕನ್ನಡ ಕಲಿತಿರುವಾಗ ಆ ಕೂಲಿಯ ಲೆಕ್ಕವನ್ನು ಯಾರಾದರೂ ಕೇಳಲೇಬೇಕು.

ಇನ್ನುಳಿದ ಅರ್ಧಕ್ಕೆ ನಿಮ್ಮ ಧಾರವಾಡದ್ದೇ ಉದಾಹರಣೆಯಿದೆ. ಬ್ರಿಟಿಷರ ಕಾಲದಲ್ಲಿ ‘ನರಬಲಿ’ ಎಂಬ ಕವಿತೆಗಾಗಿ ಬೇಂದ್ರೆಯವರು ಸೆರೆಮನೆ ಸೇರಬೇಕಾಯಿತು, ಆಮೇಲೆ ಧಾರವಾಡದ ಬಳಿಯ ಹಳ್ಳಿ ಮುಗದದಲ್ಲಿ ಸರ್ಕಾರದ ನಿರ್ಬಂಧದಲ್ಲಿ ಇರಬೇಕಾಯಿತು. ಅವರ ಶ್ರೇಷ್ಠ ಕವಿತೆಗಳನ್ನು ಪಟ್ಟಿ ಮಾಡುವವರು ಇದನ್ನು ಮೊದಲ ಸಾಲಿನಲ್ಲಿ ಇಡಲಿಕ್ಕಿಲ್ಲ. ಆದರೆ ಸರ್ಕಾರಕ್ಕೆ ಹಿಡಿದು ಕೂರಿಸಲು ಒಬ್ಬ ಮನುಷ್ಯ ಸಿಕ್ಕಿದ, ಏಕೆಂದರೆ ಆ ಮಾತು ನನ್ನದು ಎಂದು ಹೇಳುವವನೊಬ್ಬ ಅದರ ಹಿಂದೆ ಇದ್ದ. ಅಳಿಯನ ಯಂತ್ರಕ್ಕೆ ಇವತ್ತು ಒಂದು ಪಕ್ಷದ ಪರ, ನಾಳೆ ಅದರ ವಿರುದ್ಧ ಬರೆಯಲು ಹೇಳಿದರೆ ಎರಡನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಡುತ್ತದೆ. ತನ್ನ ಬಣದವರು ಒಪ್ಪದ ಸಾಲನ್ನು ಬರೆಯಲು ಅದು ಅಳುಕುವುದಿಲ್ಲ, ಅದಕ್ಕೆ ಬಣವೇ ಇಲ್ಲ. ಮೇಲೆ ಹೇಳಿದ ಅಡಿಗರು ಗೋಪಾಲಗೌಡರನ್ನು ಕುರಿತು ಬರೆಯುವಾಗ ತಮ್ಮ ನಿಲುವನ್ನೂ ಗೆಳೆತನವನ್ನೂ ಒಂದೇ ಕವಿತೆಯಲ್ಲಿ ತೂಗಬೇಕಾಗಿತ್ತು. ಸಿದ್ಧಲಿಂಗಯ್ಯನವರು ಬರೆಯುವಾಗ ಕೇರಿಯವರ ಸಿಟ್ಟನ್ನು ಹೊರಗಿನಿಂದ ಅನುಕರಿಸುತ್ತಿರಲಿಲ್ಲ, ಅದರೊಳಗೇ ಇದ್ದರು. ಆ ಹಾಡುಗಳನ್ನು ಜಾಥಾಗಳಲ್ಲಿ ಹಾಡಿದವರು ಕೂಡ ಹಾಡಿದ್ದಕ್ಕಾಗಿ ಊರಿನ ಜಮೀನ್ದಾರರ ಕೆಂಗಣ್ಣಿಗೆ ಗುರಿಯಾಗಬಲ್ಲವರಾಗಿದ್ದರು.

ಆದ್ದರಿಂದ ಮುಂದಿನ ಸಲ ಅಳಿಯ ಆ ಪ್ರಶ್ನೆ ಕೇಳಿದಾಗ ವಾದಕ್ಕೆ ಇಳಿಯಬೇಡಿ. ನಿನ್ನ ಪಕ್ಷದ ನಾಯಕರಿಗೆ ಹಿಡಿಸದ ಒಂದು ಹಾಡನ್ನು ಯಂತ್ರದಿಂದಲೇ ಬರೆಸು, ನಿನ್ನ ಹೆಸರು ಹಾಕಿ ಪಕ್ಷದ ಸಭೆಯಲ್ಲಿಯೇ ಹಾಡು ಎನ್ನಿ. ಹಾಡಿದನೋ ಇಲ್ಲವೋ, ನಮಗೂ ಒಂದು ಕಾಗದ ಬರೆದು ತಿಳಿಸಿ.